6 ಮಿಲಿಮೀಟರ್ ಕಲ್ಲು, ನಮ್ಮಿಬ್ಬರ ಬೇಸಿಗೆ

ಈ ಬೇಸಿಗೆಯಲ್ಲಿ ಏನೇನು ಆಗಬೇಕು ಅಂತ ಒಂದು ಪಟ್ಟಿ ಮಾಡಿ ಫ್ರಿಜ್ ಬಾಗಿಲಿಗೆ ಅಂಟಿಸಿದ್ದೆ. ಮಗಳನ್ನು ಹಾಸ್ಟೆಲ್‌ಗೆ ಸೇರಿಸಬೇಕು. ಅವಳು ಹೊರಡುವ ಮುಂಚೆ ನಾಲ್ಕು ದಿನ ಮೂವರೂ ಎಲ್ಲಾದರೂ ಹೋಗಿಬರಬೇಕು. ಅತ್ತೆಯ ಕಣ್ಣಿನ ಪೊರೆ ಆಪರೇಷನ್ ಮುಗಿಯಬೇಕು. ಮನೆಗೆ ಬಣ್ಣ ಹೊಡೆಸಬೇಕು. ಆ ಪಟ್ಟಿಯಲ್ಲಿ ಇವರ ಹೊಟ್ಟೆನೋವು ಇರಲಿಲ್ಲ, ನನ್ನ ನಿದ್ದೆಗೇಡೂ ಇರಲಿಲ್ಲ. ಆದರೆ ಬೇಸಿಗೆ ಪೂರ್ತಿ ನಡೆದದ್ದು ಅವೆರಡರ ಸುತ್ತವೇ.

ನನಗೆ 48, ಇವರಿಗೆ 52. ಇವರು ಕಟ್ಟಡದ ಸೈಟ್‌ಗಳನ್ನು ನೋಡಿಕೊಳ್ಳುವ ಎಂಜಿನಿಯರ್. ನನ್ನದು ಆಫೀಸ್ ಕೆಲಸ, ಮನೆಗೆ ಬಂದ ಮೇಲೂ ಲ್ಯಾಪ್‌ಟಾಪ್ ಮುಚ್ಚುವ ಹಾಗಿಲ್ಲ. ಬೆಳಗ್ಗೆ ಇವರು ಹೊರಡುವಾಗ ನಾನು ಸ್ನಾನಕ್ಕೆ ಹೋಗಿರುತ್ತೇನೆ, ರಾತ್ರಿ ನಾನು ಮಲಗುವ ಹೊತ್ತಿಗೆ ಇವರು ಫೋನಿನಲ್ಲಿ ಯಾರಿಗೋ ಸಿಮೆಂಟ್ ಲೆಕ್ಕ ಹೇಳುತ್ತಿರುತ್ತಾರೆ. ಜಗಳ ಇಲ್ಲ, ಬೇಜಾರೂ ಇಲ್ಲ. ಸುಮ್ನೆ ಒಬ್ಬರನ್ನೊಬ್ಬರು ಸರಿಯಾಗಿ ನೋಡದೇ ದಿನ ಕಳೆಯುತ್ತಿತ್ತು, ಅಷ್ಟೇ.

ನನಗೆ ವರ್ಷದಿಂದ ಒಂದು ತೊಂದರೆ ಶುರುವಾಗಿತ್ತು. ಇದ್ದಕ್ಕಿದ್ದಂತೆ ಎದೆಯಿಂದ ಬಿಸಿ ಏರುತ್ತದೆ, ಕುತ್ತಿಗೆ, ಮುಖ, ಕಿವಿ ಎಲ್ಲ ಉರಿಯುತ್ತದೆ, ಮೈಯೆಲ್ಲ ಬೆವರು, ಎರಡು ಮೂರು ನಿಮಿಷಕ್ಕೆ ಇಳಿದು ಆಮೇಲೆ ಸಣ್ಣಗೆ ಚಳಿ. ಹಗಲಲ್ಲಿ ಹೇಗೋ ತಡೆದುಕೊಳ್ಳಬಹುದು. ರಾತ್ರಿ ಮೂರು ನಾಲ್ಕು ಸಲ ಎಚ್ಚರ ಆಗುತ್ತಿತ್ತು. ಮುಟ್ಟು ನಿಲ್ಲುವ ವಯಸ್ಸು, ಎಲ್ಲರಿಗೂ ಇರುವುದೇ ಅಂದುಕೊಂಡು ಯಾರಿಗೂ ಹೇಳಿರಲಿಲ್ಲ. ಬೇಸಿಗೆ ಬಂದ ಮೇಲೆ ಸೆಕೆ ಯಾವುದು, ನನ್ನ ಮೈಯ ಬಿಸಿ ಯಾವುದು ಅಂತಲೇ ಗೊತ್ತಾಗುತ್ತಿರಲಿಲ್ಲ.

ಒಂದು ರಾತ್ರಿ ಹೀಗೇ ಎಚ್ಚರವಾದಾಗ ಇವರು ಹಾಸಿಗೆಯಲ್ಲಿ ಇರಲಿಲ್ಲ. ಹಾಲಿನಲ್ಲಿ ಗೋಡೆಗೆ ಹಣೆ ಒತ್ತಿಕೊಂಡು ನಿಂತಿದ್ದರು. ಒಂದು ಕೈ ಸೊಂಟದ ಎಡಭಾಗ ಹಿಡಿದಿತ್ತು. "ರೀ, ಏನಾಯ್ತು?" ಅಂದೆ. ಮಾತು ಬರಲಿಲ್ಲ. ಕೂತರು, ಎದ್ದರು, ನೆಲದ ಮೇಲೆ ಮಂಡಿಯೂರಿದರು, ಮತ್ತೆ ಎದ್ದು ಓಡಾಡಿದರು. ಯಾವ ಭಂಗಿಯಲ್ಲೂ ಅರ್ಧ ನಿಮಿಷ ಇರಲು ಆಗುತ್ತಿರಲಿಲ್ಲ. ಆಮೇಲೆ ವಾಂತಿ. ಇಪ್ಪತ್ತೈದು ವರ್ಷದಲ್ಲಿ ಇವರು ನೋವಿಗೆ ಅಳುವುದನ್ನು ನಾನು ನೋಡಿರಲಿಲ್ಲ. ಅವತ್ತು ನೋಡಿದೆ.

ಹತ್ತಿರದ ಕ್ಲಿನಿಕ್‌ಗೆ ಕರೆದುಕೊಂಡು ಹೋದೆ. ಅಲ್ಲಿದ್ದವರು ಹೊಟ್ಟೆ ಒತ್ತಿ ನೋಡಿ, ಗ್ಯಾಸ್ ಅಂತ ಹೇಳಿ ಇಂಜೆಕ್ಷನ್ ಕೊಟ್ಟು ಕಳಿಸಿದರು. ಮೂತ್ರ ಪರೀಕ್ಷೆ ಕೂಡ ಮಾಡಿಸಲಿಲ್ಲ. ಗಂಟೆಯೊಳಗೆ ನೋವು ಇಳಿಯಿತು, ಹಾಗಾಗಿ ಅದೇ ಸರಿ ಅಂತ ನಾವೂ ನಂಬಿದೆವು. ಬೆಳಗ್ಗೆ ಏಳೂವರೆಗೆ ಇವರು ಸೈಟ್‌ಗೆ ಹೊರಟೇಬಿಟ್ಟರು! ತಡೆಯಬೇಕಿತ್ತು. ನನಗೆ ಒಂಬತ್ತಕ್ಕೆ ಮೀಟಿಂಗ್ ಇತ್ತು, ತಡೆಯಲಿಲ್ಲ. ಈಗಲೂ ಅದು ನನ್ನನ್ನು ಕೊರೆಯುತ್ತದೆ.

ಸಂಜೆ ಸೈಟ್‌ನಿಂದಲೇ ಫೋನ್ ಬಂತು, ಮೇಸ್ತ್ರಿ ಮಾತಾಡಿದ್ದು. ಸಾಹೇಬರು ಕಾರಿನ ಪಕ್ಕ ಬಗ್ಗಿ ಕೂತಿದ್ದಾರೆ, ಏಳೋಕಾಗ್ತಿಲ್ಲ ಅಂದ. ಈ ಸಲ ನೇರ ದೊಡ್ಡ ಆಸ್ಪತ್ರೆಗೆ. ಅಲ್ಲಿನ ವೈದ್ಯೆ ಇವರು ಮಂಚದ ಮೇಲೆ ಹೊರಳಾಡುವುದನ್ನು ನೋಡುತ್ತಲೇ, ನೋವು ಸೊಂಟದಿಂದ ಮುಂದಕ್ಕೆ, ತೊಡೆಸಂದಿಯ ಕಡೆಗೆ ಇಳಿಯುತ್ತಾ ಅಂತ ಕೇಳಿದರು. ಹೌದು. ಅಲೆ ಅಲೆಯಾಗಿ ಬರುತ್ತಾ? ಹೌದು. ಡೈಕ್ಲೋಫೆನಾಕ್ ಅನ್ನುವ ನೋವು ಇಳಿಸುವ ಇಂಜೆಕ್ಷನ್ ಕೊಡಿಸಿ ಮೂತ್ರ ಪರೀಕ್ಷೆಗೆ ಕಳಿಸಿದರು. ಕಣ್ಣಿಗೆ ಕಾಣದಷ್ಟು ರಕ್ತ ಇತ್ತು. ಅಲ್ಟ್ರಾಸೌಂಡ್‌ನಲ್ಲಿ ಎಡ ಕಿಡ್ನಿ ಊದಿಕೊಂಡದ್ದು ಕಂಡಿತು, ಕಲ್ಲು ಕಾಣಲಿಲ್ಲ. ಮೂತ್ರನಾಳದ ನಡುವೆ ಸಿಕ್ಕಿಕೊಂಡ ಕಲ್ಲು ಅಲ್ಟ್ರಾಸೌಂಡ್‌ಗೆ ಎಷ್ಟೋ ಸಲ ತಪ್ಪಿಸಿಕೊಳ್ಳುತ್ತದಂತೆ. ಆಮೇಲೆ ಸಿಟಿ ಸ್ಕ್ಯಾನ್ ಮಾಡಿಸಿದರು. ಪರದೆಯ ಮೇಲೆ ಬೂದು ಬಣ್ಣದ ನಡುವೆ ಒಂದು ಬಿಳಿ ಚುಕ್ಕೆ. 6 ಮಿಲಿಮೀಟರ್.

ಅಷ್ಟು ಸಣ್ಣದು ಇಷ್ಟು ನೋವು ಕೊಡುತ್ತದಾ ಅಂತ ನಾನು ಕೇಳಿಯೇ ಬಿಟ್ಟೆ. ವೈದ್ಯೆ ಪೆನ್ನಿನಿಂದ ಕಾಗದದ ಮೇಲೆ ಬರೆದು ತೋರಿಸಿದರು. ಕಿಡ್ನಿಯಿಂದ ಮೂತ್ರಕೋಶಕ್ಕೆ ಇಳಿಯುವ ನಾಳ ಸುಮಾರು 25 ಸೆಂಟಿಮೀಟರ್ ಉದ್ದ, ಒಳಗಿನ ಅಗಲ ಬರೀ 3-4 ಮಿಲಿಮೀಟರ್. ಮೂರು ಕಡೆ ಇನ್ನೂ ಕಿರಿದಾಗುತ್ತದೆ: ಕಿಡ್ನಿಯಿಂದ ಹೊರಡುವ ಜಾಗ, ಕೆಳಗೆ ದೊಡ್ಡ ರಕ್ತನಾಳವನ್ನು ದಾಟುವ ಜಾಗ, ಮೂತ್ರಕೋಶದ ಒಳಗೆ ಹೊಗುವ ಜಾಗ. ಕಲ್ಲು ಅಡ್ಡ ಬಿದ್ದರೆ ಹಿಂದೆ ಮೂತ್ರ ತುಂಬಿ ಒತ್ತಡ ಏರುತ್ತದೆ, ನಾಳ ಅದನ್ನು ನೂಕಲು ಹಿಂಡುತ್ತದೆ. ಆ ನೋವು ಹುಟ್ಟುವುದು ಅಲ್ಲಿ. ಇವರ ಕಲ್ಲು ಎರಡನೇ ಇಕ್ಕಟ್ಟಿನ ಹತ್ತಿರ ಇತ್ತು.

5 ಮಿಲಿಮೀಟರ್‌ಗಿಂತ ಸಣ್ಣ ಕಲ್ಲುಗಳಲ್ಲಿ ಹೆಚ್ಚಿನವು ತಾವಾಗೇ ಹೋಗುತ್ತವೆ, ಅದಕ್ಕಿಂತ ದೊಡ್ಡದಾದರೆ ಸುಮಾರು ಅರ್ಧಕ್ಕರ್ಧ, 10 ದಾಟಿದರೆ ಕಾಯುವುದರಲ್ಲಿ ಅರ್ಥ ಇಲ್ಲ ಅಂದರು. ನಮ್ಮದು ಅರ್ಧಕ್ಕರ್ಧದ ಲೆಕ್ಕ. ಸೋಂಕು ಇಲ್ಲ, ಇನ್ನೊಂದು ಕಿಡ್ನಿ ಚೆನ್ನಾಗಿದೆ, ಹಾಗಾಗಿ ನಾಲ್ಕು ವಾರ ಕಾಯಬಹುದು. ಹೋಗದಿದ್ದರೆ ಸಣ್ಣ ಕೊಳವೆ ಒಳಗೆ ಬಿಟ್ಟು ಲೇಸರ್‌ನಿಂದ ಒಡೆಯುವುದು, ಇಲ್ಲವೇ ಹೊರಗಿನಿಂದ ಅಲೆಗಳನ್ನು ಹಾಯಿಸಿ ಪುಡಿ ಮಾಡುವುದು. ಈ ಎರಡನೆಯದನ್ನು ಮನುಷ್ಯರ ಮೇಲೆ ಮೊದಲು ಮಾಡಿದ್ದು 1980ರಲ್ಲಿ, ಜರ್ಮನಿಯ ಮ್ಯೂನಿಕ್‌ನಲ್ಲಿ. ಅದಕ್ಕೂ ಮೊದಲು ಎಷ್ಟೋ ಜನರಿಗೆ ಹೊಟ್ಟೆ ಕೊಯ್ದೇ ತೆಗೆಯಬೇಕಿತ್ತಂತೆ.

ಕೊನೆಗೆ ಒಂದು ಮಾತನ್ನು ಎರಡು ಸಲ ಹೇಳಿದರು. ಚಳಿ ಜ್ವರ ಬಂದರೆ, ಮೂತ್ರ ನಿಂತರೆ, ಔಷಧಿಗೂ ನೋವು ಬಗ್ಗದಿದ್ದರೆ ರಾತ್ರಿಯೋ ಹಗಲೋ ನೋಡದೆ ಬಂದುಬಿಡಿ. ಅದರಲ್ಲೂ ಚಳಿ ಜ್ವರ. ಅಡ್ಡಗಟ್ಟಿದ ನಾಳದ ಹಿಂದೆ ಸೋಂಕು ಆದರೆ ಜೀವಕ್ಕೇ ಅಪಾಯ.

ಹೊರಡುವ ಮುಂಚೆ ಅವರು ಇವರನ್ನು ಕೇಳಿದರು, "ದಿನಕ್ಕೆ ಎಷ್ಟು ನೀರು ಕುಡೀತೀರ?" ಇವರು ಸುಮ್ಮನೆ ಕೂತರು. ಆಮೇಲೆ ಹೇಳಿದ್ದು ಕೇಳಿ ನನಗೆ ಗಂಟಲು ಕಟ್ಟಿತು. ಸೈಟ್‌ಗಳಲ್ಲಿ ಸರಿಯಾದ ಟಾಯ್ಲೆಟ್ ಇರುವುದಿಲ್ಲ, ಹಾಗಾಗಿ ಬೆಳಗ್ಗೆಯಿಂದ ಸಂಜೆವರೆಗೆ ನೀರು ಕುಡಿಯುವುದನ್ನೇ ವರ್ಷಗಳ ಹಿಂದೆ ಬಿಟ್ಟಿದ್ದಾರೆ. ನಾನು ದಿನಾ ಚೀಲದಲ್ಲಿ ಇಟ್ಟು ಕಳಿಸುವ ಬಾಟಲಿ ಖಾಲಿಯಾಗಿ ವಾಪಸ್ ಬರುತ್ತಿತ್ತಲ್ಲ, ಅದನ್ನು ಕುಡಿಯುತ್ತಿದ್ದದ್ದು ಡ್ರೈವರ್.

ಬೇಸಿಗೆಯಲ್ಲಿ ಕಲ್ಲಿನ ನೋವಿನವರು ಜಾಸ್ತಿ ಬರುತ್ತಾರೆ ಅಂತ ವೈದ್ಯೆ ಹೇಳಿದರು. ಬೆವರಿನಲ್ಲಿ ನೀರು ಹೋಗುತ್ತದೆ, ಮೂತ್ರ ಗಟ್ಟಿಯಾಗುತ್ತದೆ, ಅದರಲ್ಲಿರುವ ಲವಣಗಳು ಹರಳು ಕಟ್ಟುತ್ತವೆ. ಸರಿ. ಆದರೆ ನಾನು ಇದನ್ನು ಬರೀ ಬಿಸಿಲಿನ ಮೇಲೆ ಹಾಕಲು ತಯಾರಿಲ್ಲ. ಬಿಸಿಲು ಎಲ್ಲರಿಗೂ ಒಂದೇ. ನೀರು ಕುಡಿಯಲು ಬಿಡುವಿಲ್ಲ, ಮೂತ್ರಕ್ಕೆ ಹೋಗಲು ಬಿಡುವಿಲ್ಲ, ಹೇಳಿಕೊಳ್ಳಲೂ ಬಿಡುವಿಲ್ಲ ಅಂತ ನಾವು ಬದುಕಿದ್ದೇ ಆ ಹರಳನ್ನು ಬೆಳೆಸಿದ್ದು ಅಂತ ನನಗೆ ಅನ್ನಿಸುತ್ತದೆ.

ಮನೆಗೆ ಬಂದೆವು. ಟಾಮ್ಸುಲೋಸಿನ್ ಅನ್ನುವ ಮಾತ್ರೆ ದಿನಕ್ಕೊಂದು, ರಾತ್ರಿ. ಡಬ್ಬಿಯೊಳಗಿನ ಚೀಟಿಯಲ್ಲಿ ಪ್ರಾಸ್ಟೇಟ್ ತೊಂದರೆಗೆ ಕೊಡುವ ಔಷಧಿ ಅಂತ ಬರೆದಿತ್ತು. ಅದನ್ನು ಓದಿ ಇವರು, ಆಸ್ಪತ್ರೆಯವರು ತಮ್ಮಿಂದ ಇನ್ನೇನೋ ಮುಚ್ಚಿಟ್ಟಿದ್ದಾರೆ ಅಂದುಕೊಂಡು ಒಂದು ದಿನ ಪೂರ್ತಿ ಮಂಕಾಗಿದ್ದರು. ಕೇಳಿದಾಗಲೂ ಬಾಯಿ ಬಿಡಲಿಲ್ಲ. ಮಗಳೇ ಆಸ್ಪತ್ರೆಗೆ ಫೋನ್ ಮಾಡಿ ವಿಚಾರಿಸಿದಳು. ಆ ಮಾತ್ರೆ ನಾಳದ ಸ್ನಾಯುವನ್ನೂ ಸಡಿಲ ಮಾಡುತ್ತದೆ, ಕಲ್ಲು ಜಾರಲು ಅನುಕೂಲ ಅಂತ ಕೊಡುತ್ತಾರೆ, ಅಷ್ಟೇ ವಿಷಯ. ಆದರೆ ಅದರಿಂದ ಬಿಪಿ ಸ್ವಲ್ಪ ಇಳಿಯಬಹುದು, ಥಟ್ಟನೆ ಎದ್ದರೆ ತಲೆ ಸುತ್ತಬಹುದು. ಈ ಮಾತನ್ನು ಮಾತ್ರ ನಾವು ಮರೆತೆವು.

ಬಂಧುಗಳ ಸಲಹೆ ಬೇರೆ. ಒಂದೇ ಸಲಕ್ಕೆ ನಾಲ್ಕು ಲೀಟರ್ ಕುಡಿ, ಕಲ್ಲು ಕೊಚ್ಚಿಕೊಂಡು ಹೋಗುತ್ತೆ ಅಂದವರೊಬ್ಬರು. ಬಿಯರ್ ಕುಡಿ ಅಂದವರೊಬ್ಬರು. ವೈದ್ಯೆ ಎರಡೂ ಬೇಡ ಅಂದರು. ನೋವು ಇರುವಾಗ ಲೀಟರ್‌ಗಟ್ಟಲೆ ನೀರು ಸುರಿದರೆ ಕಲ್ಲು ಬೇಗ ಹೋಗುವುದಿಲ್ಲ, ವಾಂತಿ ಮತ್ತು ಒತ್ತಡ ಜಾಸ್ತಿ ಆಗಬಹುದು. ಬಾಯಾರದಂತೆ ದಿನವಿಡೀ ಹಂಚಿಕೊಂಡು ಕುಡಿಯಬೇಕು. ಕಲ್ಲು ಹೋದ ಮೇಲೆ, ಮುಂದೆ ಆಗದಿರಲಿ ಅಂತ ಕುಡಿಯುವುದು ಮುಖ್ಯ. ಆಗ ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಆಗುವಷ್ಟು ನೀರು ಬೇಕು. ಗಮನಿಸಿ, ಕುಡಿಯುವ ಲೆಕ್ಕ ಅಲ್ಲ, ಹೊರಗೆ ಹೋಗುವ ಲೆಕ್ಕ. ಬೆವರುವವರು ಇನ್ನೂ ಜಾಸ್ತಿ ಕುಡಿಯಬೇಕು.

ಅದಕ್ಕೇ ಮನೆಗೆ ಎರಡು ಹೊಸ ವಸ್ತು ಬಂದವು. ಅಳತೆ ಗೆರೆ ಇರುವ ಒಂದು ಮಗ್, ಸಣ್ಣ ಕಣ್ಣಿನ ಒಂದು ಜರಡಿ. ಪ್ರತಿ ಸಲ ಮೂತ್ರವನ್ನು ಜರಡಿಯಲ್ಲಿ ಸೋಸಬೇಕು, ಕಲ್ಲು ಬಿದ್ದರೆ ಎತ್ತಿಡಬೇಕು, ಅದು ಯಾವ ಜಾತಿಯದು ಅಂತ ಪರೀಕ್ಷೆ ಮಾಡಿಸಿದರೆ ಮುಂದಿನ ದಾರಿ ಗೊತ್ತಾಗುತ್ತದೆ. ಅಳತೆಯನ್ನು ಬರೆದಿಡಲು ಇವರು ಸೈಟ್‌ನ ಹಳೇ ನೋಟ್‌ಬುಕ್ ಒಂದನ್ನು ಬಾತ್‌ರೂಮಿನ ಕಿಟಕಿಯ ಮೇಲೆ ಇಟ್ಟರು, ಪೆನ್ಸಿಲ್‌ಗೆ ದಾರ ಕಟ್ಟಿ. ಮೊದಲ ದಿನದ ಲೆಕ್ಕ 900 ಮಿಲಿಲೀಟರ್.

ನಾಲ್ಕು ದಿನದ ಪ್ರವಾಸ ರದ್ದಾಯಿತು. ಮಗಳು ಏನೂ ಅನ್ನಲಿಲ್ಲ. ಅತ್ತೆಯ ಆಪರೇಷನ್ ಮುಂದಕ್ಕೆ ಹೋಯಿತು, ಅವರೇ ನಿಶ್ಚಿಂತೆಯಿಂದ ಮುಂದಕ್ಕೆ ಹಾಕಿಸಿದರು. ಬಣ್ಣದ ಮಾತು ಯಾರೂ ಎತ್ತಲಿಲ್ಲ.

ಆ ದಿನಗಳ ರಾತ್ರಿಗಳೇ ಬೇರೆ ಥರ ಇದ್ದವು. ಇವರಿಗೆ ನೀರು ಕುಡಿದು ಎಚ್ಚರ, ನನಗೆ ಬಿಸಿ ಏರಿ ಎಚ್ಚರ. ಎರಡೂವರೆ ಮೂರು ಗಂಟೆಗೆ ಅಡುಗೆಮನೆಯಲ್ಲಿ ಇಬ್ಬರೂ ಎದುರಾಗುತ್ತಿದ್ದೆವು. ದೀಪ ಹಾಕದೆ, ಫ್ರಿಜ್ ಬಾಗಿಲು ಅರ್ಧ ತೆರೆದು ಅದರ ಬೆಳಕಿನಲ್ಲೇ ನೆಲದ ಮೇಲೆ ಕೂರುತ್ತಿದ್ದೆವು. ನನಗೆ ಆ ತಂಪು ಬೇಕಿತ್ತು, ಇವರಿಗೆ ಗೋಡೆಗೆ ಸೊಂಟ ಒತ್ತಿ ಕೂರಬೇಕಿತ್ತು. ಏನೇನೋ ಮಾತು. ಮಗಳು ಹೋದ ಮೇಲೆ ಅವಳ ಕೋಣೆ ಏನು ಮಾಡುವುದು. ಇವರ ತಂದೆಗೂ ಕಲ್ಲು ಆಗಿತ್ತಾ ಅನ್ನುವ ಅನುಮಾನ. ಕೆಲಸ ಬಿಟ್ಟರೆ ಎಷ್ಟು ದಿನ ನಡೆಯುತ್ತದೆ ಅನ್ನುವ ಲೆಕ್ಕ. "ನೀನ್ಯಾಕೆ ಏಳ್ತೀಯಾ ದಿನಾ?" ಅಂತ ಒಂದು ರಾತ್ರಿ ಕೇಳಿದರು. ಸೆಕೆ ಅಂದೆ. ಅಷ್ಟೇ ಹೇಳಿದ್ದು.

ಫ್ಯಾನಿನ ವಿಷಯಕ್ಕೆ ಮಾತ್ರ ಜಗಳ ಆಗುತ್ತಿತ್ತು. ನನಗೆ ಪೂರ್ತಿ ಸ್ಪೀಡ್ ಬೇಕು, ಇವರಿಗೆ ಒಂದು. ಎಂಟನೇ ರಾತ್ರಿಯೋ ಒಂಬತ್ತನೇ ರಾತ್ರಿಯೋ ಇರಬೇಕು, ನಾನು ಬೆವರಿ ಎದ್ದು ಫ್ಯಾನ್ ಐದಕ್ಕೆ ಇಟ್ಟು ಮಲಗಿದ್ದೆ. ಸ್ವಲ್ಪ ಹೊತ್ತಿಗೆ ಪಕ್ಕದಿಂದ, "ಚಳಿ ಆಗ್ತಿದೆ ಕಣೇ" ಅಂತ ಕೇಳಿಸಿತು. ಎದೆ ಧಸಕ್ಕೆಂದಿತು. ಹಣೆ ಮುಟ್ಟಿದೆ, ತಣ್ಣಗಿತ್ತು. ಆದರೆ ನನ್ನ ಅಂಗೈ ಸ್ವತಃ ಉರಿಯುತ್ತಿತ್ತು, ಅದನ್ನು ಹೇಗೆ ನಂಬುವುದು? ಥರ್ಮಾಮೀಟರ್ ಹುಡುಕಲು ಮೂರು ಡ್ರಾಯರ್ ಕೆಳಗೆ ಸುರಿದೆ. ಮಗಳು ಎದ್ದು ಬಂದು ಕಾರಿನ ಕೀ ಹಿಡಿದು ನಿಂತಳು. 98.4. ಐದು ನಿಮಿಷ ಬಿಟ್ಟು ಮತ್ತೆ ನೋಡಿದೆವು, 98.4. ಫ್ಯಾನಿನ ಗಾಳಿಗೆ ಚಳಿ ಆಗಿತ್ತು, ಬೇರೇನಿಲ್ಲ. ನಾನು ಹಾಸಿಗೆಯ ಅಂಚಿಗೆ ಕೂತು ತುಂಬಾ ಹೊತ್ತು ಅತ್ತೆ. ಆಗ ಹೇಳಿದೆ ಎಲ್ಲ, ವರ್ಷದಿಂದ ಹೀಗಾಗುತ್ತಿದೆ, ದಿನಕ್ಕೆ ಮೂರು ಗಂಟೆ ನಿದ್ದೆಯೂ ಆಗುತ್ತಿಲ್ಲ ಅಂತ. ಇವರು ಏನೂ ಹೇಳಲಿಲ್ಲ, ಫ್ಯಾನ್ ಐದರಲ್ಲೇ ಬಿಟ್ಟು ದಪ್ಪ ಹೊದಿಕೆ ಹೊದ್ದು ಮಲಗಿದರು.

ಎರಡನೇ ವಾರ ಹಾಸ್ಟೆಲ್‌ಗೆ ಹೋದದ್ದು. ಹೋಗಬೇಡಿ ಅಂದರೂ ಕೇಳದೆ ಬಂದರು. ಮಗಳ ಪೆಟ್ಟಿಗೆಯನ್ನು ಎತ್ತಲು ಬಗ್ಗಿ ಥಟ್ಟನೆ ಎದ್ದವರು, ಕಣ್ಣು ಕತ್ತಲಾಗಿ ಅಲ್ಲೇ ಮೆಟ್ಟಿಲ ಮೇಲೆ ಕುಸಿದರು. ಮಾತ್ರೆಯ ತಲೆಸುತ್ತು ಅದು, ಮರೆತಿದ್ದೆವು ಅಂದೆನಲ್ಲ. ಕಾಲು ಮೇಲೆತ್ತಿ ಮಲಗಿಸಿದ ಮೇಲೆ ಸರಿಹೋಯಿತು. ಮಗಳ ಮುಖ ಬಿಳಿಚಿಕೊಂಡಿತ್ತು. ಅವಳನ್ನು ಆ ಹೊಸ ಜಾಗದಲ್ಲಿ ಆ ಮುಖದಲ್ಲೇ ಬಿಟ್ಟು ಬರಬೇಕಾಯಿತು. ವಾಪಸ್ ಬರುವಾಗ ಕಾರು ನಾನು ಓಡಿಸಿದೆ, ದಾರಿಯಲ್ಲಿ ಮತ್ತೆ ನೋವಿನ ಅಲೆ ಬಂತು, ಗಾಡಿ ಪಕ್ಕಕ್ಕೆ ಹಾಕಿ ಮುಕ್ಕಾಲು ಗಂಟೆ ನಿಂತೆವು. ಇವರು ನನ್ನ ಮಣಿಕಟ್ಟನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದರೆಂದರೆ ಮರುದಿನವೂ ಅಲ್ಲಿ ನಾಲ್ಕು ಬೆರಳಿನ ಗುರುತು ಇತ್ತು.

ಅದಾದ ಮೇಲೆ ನೋವು ಜಾಗ ಬದಲಿಸಿತು. ಸೊಂಟ ಬಿಟ್ಟಿತು, ಪದೇಪದೇ ಮೂತ್ರಕ್ಕೆ ಹೋಗಬೇಕು ಅನ್ನಿಸುವುದು, ಹೋದರೆ ಉರಿ, ನಾಲ್ಕು ಹನಿ. ನಾನು ಸೋಂಕು ಅಂತ ಹೆದರಿದೆ. ಸ್ಕ್ಯಾನ್‌ನಲ್ಲಿ ನೋಡಿದರೆ ಕಲ್ಲು ಕೆಳಗಿಳಿದು ಮೂತ್ರಕೋಶದ ಬಾಗಿಲಲ್ಲೇ ಕೂತಿತ್ತು, ಕೊನೆಯ ಇಕ್ಕಟ್ಟಿನಲ್ಲಿ. ಕಿಡ್ನಿಯ ಊತ ಇಳಿದಿತ್ತು. "ಒಳ್ಳೇ ಸುದ್ದಿ, ಇನ್ನೊಂದು ವಾರ ನೋಡೋಣ" ಅಂದರು ವೈದ್ಯೆ.

ಇಪ್ಪತ್ಮೂರನೇ ದಿನ ಬೆಳಗ್ಗೆ ಬಾತ್‌ರೂಮಿನಿಂದ ಕೂಗಿದರು. ನಾನು ಬಿದ್ದೆನೋ ಎದ್ದೆನೋ ಅಂತ ಓಡಿದೆ. ಜರಡಿ ಹಿಡಿದು ನಿಂತಿದ್ದರು. ಟಿಕ್ ಅಂತ ಸದ್ದು ಕೇಳಿಸಿತಂತೆ. ಅಷ್ಟೇ, ನೋವೂ ಇರಲಿಲ್ಲ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆವು. ಕಂದು ಬಣ್ಣ, ಒಂದು ಬದಿ ನುಣುಪು, ಇನ್ನೊಂದು ಬದಿಯಲ್ಲಿ ಸಣ್ಣ ಸಣ್ಣ ಮುಳ್ಳಿನಂಥ ಮೊನೆಗಳು. ಬೆರಳ ತುದಿಯ ಮೇಲಿಟ್ಟರೆ ಭಾರವೇ ಗೊತ್ತಾಗುತ್ತಿರಲಿಲ್ಲ. ಮಗಳಿಗೆ ಫೋಟೋ ಕಳಿಸಿದೆವು, ಅವಳು ಕ್ಲಾಸ್ ಮಧ್ಯೆಯೇ ಹೊರಗೆ ಬಂದು ಫೋನ್ ಮಾಡಿದಳು.

ಪರೀಕ್ಷೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್ ಅಂತ ಬಂತು, ಅಂದರೆ ಕ್ಯಾಲ್ಸಿಯಂ ಜೊತೆ ಆಕ್ಸಲೇಟ್ ಅನ್ನುವ ಅಂಶ ಸೇರಿ ಕಟ್ಟಿದ ಹರಳು. ಎಲ್ಲಕ್ಕಿಂತ ಹೆಚ್ಚು ಕಾಣುವ ಜಾತಿ ಇದೇ. ಕ್ಯಾಲ್ಸಿಯಂ ಅಂದಮೇಲೆ ಹಾಲು ಬಿಡಬೇಕು ಅಂತ ನಾನು ತೀರ್ಮಾನಿಸಿಬಿಟ್ಟಿದ್ದೆ, ಅದು ತಪ್ಪು. ಊಟದ ಜೊತೆ ಸೇರುವ ಕ್ಯಾಲ್ಸಿಯಂ ಹೊಟ್ಟೆಯಲ್ಲೇ ಆಕ್ಸಲೇಟನ್ನು ಹಿಡಿದು ಹೊರಗೆ ಹಾಕುತ್ತದೆ, ಹಾಗಾಗಿ ಎಂದಿನಷ್ಟು ತೆಗೆದುಕೊಳ್ಳಬೇಕು. ಕಡಿಮೆ ಮಾಡಬೇಕಾದ್ದು ಉಪ್ಪು. ಉಪ್ಪು ಜಾಸ್ತಿ ಆದಷ್ಟೂ ಮೂತ್ರದಲ್ಲಿ ಕ್ಯಾಲ್ಸಿಯಂ ಜಾಸ್ತಿ ಹೋಗುತ್ತದೆ. ಪಾಲಕ್ ಸೊಪ್ಪಿನಲ್ಲಿ ಆಕ್ಸಲೇಟ್ ಬಹಳ, ಅದನ್ನು ಮಿತಿಯಲ್ಲಿ ಇಡಬೇಕು. ಮಾಂಸವೂ ಮಿತಿಯಲ್ಲಿ. ನಿಂಬೆಹಣ್ಣು ಒಳ್ಳೆಯದು, ಅದರ ಸಿಟ್ರೇಟ್ ಹರಳು ಕಟ್ಟದಂತೆ ತಡೆಯುತ್ತದೆ. ವಿಟಮಿನ್ ಸಿ ಮಾತ್ರೆಗಳನ್ನು ಇವರು ತಾವೇ ತಂದು ನುಂಗುತ್ತಿದ್ದರು, ಹೆಚ್ಚಿನ ಪ್ರಮಾಣದಲ್ಲಿ ಅದು ಆಕ್ಸಲೇಟ್ ಆಗುತ್ತದೆ ಅಂತ ನಿಲ್ಲಿಸಿದರು. ಒಮ್ಮೆ ಕಲ್ಲು ಆದವರಿಗೆ ಮತ್ತೆ ಆಗುವ ಸಾಧ್ಯತೆ ಜಾಸ್ತಿ, ಅದನ್ನು ತಿಳಿದೇ ಇರಬೇಕು.

ಈಗ ಹೇಳಲೇಬೇಕಾದ ವಿಷಯ. ಕಲ್ಲು ಹೋದ ಮೇಲೆ ಬಾತ್‌ರೂಮ್ ತೊಳೆಯುವಾಗ ಆ ನೋಟ್‌ಬುಕ್ಕನ್ನು ಎತ್ತಿಡಲು ಹೋದೆ. ಸುಮ್ನೆ ಪುಟ ತಿರುಗಿಸಿದೆ. ಹೊತ್ತು, ಅಳತೆ, ಹೊತ್ತು, ಅಳತೆ. ಒಂಬತ್ತನೇ ದಿನದಿಂದ ಬಲಗಡೆ ಇನ್ನೊಂದು ಗೆರೆ ಎಳೆದಿತ್ತು. ಅದರಲ್ಲಿ ಇವರ ಸಣ್ಣ ಅಕ್ಷರದಲ್ಲಿ, "ಇವಳು ಎದ್ದಳು 1:20. ಬೆವರು. ಇವಳು ಎದ್ದಳು 2:40. ಇವಳು 4:05, ಆಮೇಲೆ ಮಲಗಲಿಲ್ಲ." ಪ್ರತಿ ರಾತ್ರಿ. ತಾವೇ ನೋವಿನಲ್ಲಿ ಒದ್ದಾಡಿದ ರಾತ್ರಿಗಳಲ್ಲೂ. ಆ ಒದ್ದೆ ನೆಲದ ಮೇಲೆಯೇ ಕೂತು ಎಲ್ಲ ಓದಿದೆ.

ಮರುವಾರ ಇವರೇ ಅಪಾಯಿಂಟ್‌ಮೆಂಟ್ ತೆಗೆದುಕೊಂಡು ನನ್ನನ್ನು ಸ್ತ್ರೀರೋಗ ತಜ್ಞೆಯ ಹತ್ತಿರ ಕರೆದುಕೊಂಡು ಹೋದರು, ನೋಟ್‌ಬುಕ್ ಸಮೇತ. ನಾನು ಎಂದಿನಂತೆ "ಪರವಾಗಿಲ್ಲ, ಅಷ್ಟೇನಿಲ್ಲ" ಅಂತ ಶುರುಮಾಡುವಷ್ಟರಲ್ಲಿ ಇವರು ಪುಟ ತೆರೆದು ಮುಂದಿಟ್ಟರು. ಆ ತಜ್ಞೆ ಹದಿನಾಲ್ಕು ರಾತ್ರಿಯ ಲೆಕ್ಕವನ್ನು ಒಂದೊಂದೇ ಸಾಲು ಓದಿದರು. ಥೈರಾಯ್ಡ್ ಪರೀಕ್ಷೆ ಮಾಡಿಸಿದರು, ಅದರಿಂದಲೂ ಹೀಗಾಗಬಹುದು ಅಂತ. ಸರಿಯಾಗಿತ್ತು. ಈಸ್ಟ್ರೋಜನ್ ಅನ್ನುವ ಹೆಣ್ಣಿನ ಹಾರ್ಮೋನ್ ಏರುಪೇರಾಗಿ ಕಡಿಮೆಯಾಗುವಾಗ ಮೆದುಳಿನಲ್ಲಿ ಮೈಯ ಬಿಸಿ ಕಾಯುವ ಭಾಗ ಬಹಳ ಸೂಕ್ಷ್ಮ ಆಗುತ್ತದೆ, ಸ್ವಲ್ಪ ಬಿಸಿ ಏರಿದರೂ ಜೋರು ಸೆಕೆ ಅಂದುಕೊಂಡು ಬೆವರಿಸಿಬಿಡುತ್ತದೆ ಅಂತ ವಿವರಿಸಿದರು. ಹನ್ನೆರಡು ತಿಂಗಳು ಮುಟ್ಟು ಬರದಿದ್ದರೆ ಮಾತ್ರ ನಿಂತಿದೆ ಅಂತ ಲೆಕ್ಕ, ಬಹಳಷ್ಟು ಜನರಿಗೆ 45ರಿಂದ 55ರ ಒಳಗೆ. ನಾನಿನ್ನೂ ದಾರಿಯಲ್ಲಿದ್ದೇನೆ. ಹಾರ್ಮೋನ್ ಚಿಕಿತ್ಸೆ ಇದಕ್ಕೆ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಸ್ತನ ಕ್ಯಾನ್ಸರ್ ಆದವರಿಗೆ, ರಕ್ತ ಹೆಪ್ಪುಗಟ್ಟುವ ತೊಂದರೆ ಇರುವವರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ, ಹಾರ್ಮೋನ್ ಇಲ್ಲದ ಔಷಧಿಗಳೂ ಇವೆ ಅಂದರು. ನನಗೆ ಅಂಥದ್ದೇನೂ ಇಲ್ಲ ಅಂತ ನೋಡಿಕೊಂಡು ಕಡಿಮೆ ಪ್ರಮಾಣದಲ್ಲಿ ಶುರುಮಾಡಿದರು. ವರ್ಷದ ಹಿಂದೆಯೇ ಬರಬಹುದಿತ್ತಲ್ಲ ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಇವರು ಈಗ ಸೈಟ್‌ನಲ್ಲಿ ಟಾಯ್ಲೆಟ್ ಇಲ್ಲದೆ ಕೆಲಸ ಶುರುಮಾಡಲು ಒಪ್ಪುವುದಿಲ್ಲ. ತಮಗೆ ಮಾತ್ರ ಅಲ್ಲ, ಅಲ್ಲಿ ಇಟ್ಟಿಗೆ ಹೊರುವ ಹೆಂಗಸರು ಇಷ್ಟು ವರ್ಷ ಏನು ಮಾಡುತ್ತಿದ್ದರು ಅಂತ ತಾನು ಕೇಳಲೇ ಇಲ್ಲವಲ್ಲ ಅಂತ ಒಂದು ರಾತ್ರಿ ತುಂಬಾ ನೊಂದುಕೊಂಡರು. ಡ್ರೈವರ್‌ಗೆ ಬೇರೆ ಬಾಟಲಿ ಕೊಟ್ಟು ಕಳಿಸುತ್ತೇನೆ.

ನೋಟ್‌ಬುಕ್ ಈಗ ಹಾಸಿಗೆಯ ಪಕ್ಕದ ಮೇಜಿನ ಮೇಲಿದೆ, ದಾರ ಕಟ್ಟಿದ ಪೆನ್ಸಿಲ್ ಸಮೇತ. ಎಡಗಡೆ ನಾನು ಬರೆಯುತ್ತೇನೆ, ಬಲಗಡೆ ಇವರು. ನಿನ್ನೆಯದು ಇಷ್ಟು: ಎಡಗಡೆ 2400 ಮಿಲಿಲೀಟರ್. ಬಲಗಡೆ, "ಇವಳು 4:10, ನೀರು ಕುಡಿದು ಮತ್ತೆ ಮಲಗಿದಳು."